ಕಂಠೀರವದಲ್ಲಿ ಕುಸಿದ ಆಟಗಾರನ ನೆನಪಿನಲ್ಲಿ, ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರ.

ನಿಮ್ಮ ಇಲಾಖೆ ನೋಡಿಕೊಳ್ಳುವ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರಂದು ಒಬ್ಬ ಫುಟ್‌ಬಾಲ್ ಆಟಗಾರ ಕುಸಿದು ಬಿದ್ದ, ಮತ್ತೆ ಏಳಲಿಲ್ಲ. ಹೆಸರು ಕ್ರಿಸ್ಟಿಯಾನೊ ಜೂನಿಯರ್. ಬ್ರೆಜಿಲ್‌ನ ಹುಡುಗ. ವಯಸ್ಸು ಬರೀ 25. ಗೋವಾದವರು, ಕೋಲ್ಕತ್ತಾದವರು ಇವತ್ತಿಗೂ ಅವನ ಬಗ್ಗೆ ಮಾತಾಡುತ್ತಾರೆ. ಅವನು ಸತ್ತದ್ದು ನಮ್ಮೂರಲ್ಲಿ, ಆದರೆ ಇಲ್ಲಿ ಅವನ ಹೆಸರು ಗೊತ್ತಿರುವವರೇ ಕಡಿಮೆ. ಅದಕ್ಕೇ ಈ ಪತ್ರ.

ಮೊದಲು ಅವನ ಆಟದ ಬಗ್ಗೆ ಹೇಳಬೇಕು, ಯಾಕಂದ್ರೆ ಸಾವಿನ ಸುದ್ದಿಯಲ್ಲಿ ಆಟ ಮರೆತುಹೋಗುತ್ತದೆ. 2003-04ರ ಸೀಸನ್‌ನಲ್ಲಿ ಅವನು ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಆಡಿದ. ರಾಷ್ಟ್ರೀಯ ಲೀಗ್‌ನಲ್ಲಿ 15 ಗೋಲು ಹೊಡೆದ, ಆ ವರ್ಷ ಬೇರೆ ಯಾರೂ ಅಷ್ಟು ಗೋಲು ಹೊಡೆಯಲಿಲ್ಲ. ಲೀಗ್ ಕೂಡ ಈಸ್ಟ್ ಬೆಂಗಾಲ್ ಪಾಲಾಯಿತು. ಮುಂದಿನ ಸೀಸನ್‌ಗೆ ಗೋವಾದ ಡೆಂಪೊ ಕ್ಲಬ್ ಅವನನ್ನು ಕರೆಸಿಕೊಂಡಿತು. ಆ ಸೀಸನ್‌ನ ಫೆಡರೇಶನ್ ಕಪ್ ಫೈನಲ್ ನಡೆದದ್ದು ನಮ್ಮ ಕಂಠೀರವದಲ್ಲಿ, ಎದುರಾಳಿ ಕೋಲ್ಕತ್ತಾದ ಮೋಹನ್ ಬಾಗಾನ್. ಡೆಂಪೊ 2-0ರಿಂದ ಗೆದ್ದಿತು, ಎರಡು ಗೋಲೂ ಅವನದೇ.

ಎರಡನೇ ಗೋಲು ಬಂದದ್ದು 78ನೇ ನಿಮಿಷದಲ್ಲಿ. ಚೆಂಡು ಗೋಲಿನೊಳಗೆ ಹೋಯಿತು, ಅದೇ ಹೊತ್ತಿಗೆ ಮುಂದೆ ನುಗ್ಗಿ ಬಂದಿದ್ದ ಗೋಲ್‌ಕೀಪರ್‌ಗೂ ಅವನಿಗೂ ಡಿಕ್ಕಿಯಾಯಿತು. ಅವನು ಕೆಳಗೆ ಬಿದ್ದ. ಗೋಲು ಹೊಡೆದವನು ಒಂದು ಕ್ಷಣ ನೆಲದ ಮೇಲಿದ್ದರೆ ಯಾರೂ ಗಾಬರಿಯಾಗುವುದಿಲ್ಲ, ಅಲ್ವಾ? ಆದರೆ ಅವನು ಅಲುಗಾಡಲಿಲ್ಲ. ಸಂಗಡಿಗರೇ ಉಸಿರು ತುಂಬಲು ಒದ್ದಾಡಿದರು. ಆಸ್ಪತ್ರೆಗೆ ಸಾಗಿಸಿದರೂ ಜೀವ ಉಳಿಯಲಿಲ್ಲ. ಹೃದಯ ಸ್ತಂಭನ ಅಂತ ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು. ಮೈದಾನದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ಆಗಲೇ ದೊಡ್ಡ ಗದ್ದಲವಾಗಿತ್ತು.

ಆ ಗೋಲ್‌ಕೀಪರ್ ಸುಬ್ರತಾ ಪಾಲ್. ಅವತ್ತು ಅವನಿನ್ನೂ ಹದಿಹರೆಯದ ಹುಡುಗ. ಮುಂದೆ ದೇಶದ ಗೋಲು ಕಾದ, ಅರ್ಜುನ ಪ್ರಶಸ್ತಿ ಪಡೆದ. ಸಿಟ್ಟೆಲ್ಲ ಅವನ ಮೇಲೆ ತಿರುಗಿದ್ದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಫುಟ್‌ಬಾಲ್‌ನಲ್ಲಿ ಡಿಕ್ಕಿ ಆಗುತ್ತದೆ, ಅದನ್ನು ಯಾರೂ ಪೂರ್ತಿ ತಡೆಯಲಾರರು. ಡಿಕ್ಕಿಯಾದ ಮೇಲಿನ ಐದು ನಿಮಿಷವನ್ನು ಸಂಭಾಳಿಸುವುದು ಮಾತ್ರ ಮೈದಾನ ನಡೆಸುವವರ ಕೆಲಸ.

ಡೆಂಪೊ ಅವನ 10ನೇ ನಂಬರಿನ ಜೆರ್ಸಿಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಅದೇ ಸೀಸನ್‌ನಲ್ಲಿ ಆ ತಂಡ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಹೀಗೆ ಕ್ಲಬ್ ತನ್ನ ಕೈಲಾದದ್ದು ಮಾಡಿತು. ನಮ್ಮ ಊರು ಏನು ಮಾಡಿತು ಅಂತ ಕೇಳಿದರೆ ನನಗೆ 2012 ನೆನಪಾಗುತ್ತದೆ.

2012ರ ಮಾರ್ಚ್ 21. ಈ ಸಲ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಜಿಲ್ಲಾ ಲೀಗ್‌ನ ಎ ಡಿವಿಷನ್ ಪಂದ್ಯ. ಟಿವಿ ಇಲ್ಲ, ಹೆಚ್ಚು ಜನ ಇಲ್ಲ. ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಬದಲಿ ಆಟಗಾರನಾಗಿ ಮೈದಾನಕ್ಕಿಳಿದಿದ್ದ, ವಯಸ್ಸು 27. ಪಂದ್ಯ ಇನ್ನೇನು ಮುಗಿಯಬೇಕು ಅನ್ನುವಾಗ ಕುಸಿದ. ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಅವನನ್ನು ಎತ್ತಿಕೊಂಡು ಹೋಗಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಆಟೋದ ಹಿಂದಿನ ಸೀಟಿನಲ್ಲಿ ಅಷ್ಟೆತ್ತರದ ಆಟಗಾರನನ್ನು ಮಲಗಿಸಲೂ ಆಗುವುದಿಲ್ಲ, ಎದೆ ಒತ್ತಲು ಜಾಗ ಎಲ್ಲಿಂದ ಬರಬೇಕು? ವೆಂಕಟೇಶ್ ಉಳಿಯಲಿಲ್ಲ.

ಇದಕ್ಕೆ ಬರೀ ನಾಲ್ಕು ದಿನ ಮುಂಚೆ, ಮಾರ್ಚ್ 17ರಂದು, ಲಂಡನ್‌ನ ವೈಟ್ ಹಾರ್ಟ್ ಲೇನ್‌ನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಹೀಗೇ ಕುಸಿದಿದ್ದ. ವಯಸ್ಸು 23. ವೈದ್ಯರು ಮೈದಾನದಲ್ಲೇ ಎದೆ ಒತ್ತಲು ಶುರು ಮಾಡಿದರು, ಅಲ್ಲೇ ಹೃದಯಕ್ಕೆ ಕರೆಂಟಿನ ಶಾಕ್ ಕೊಟ್ಟರು, ಪಂದ್ಯ ನೋಡಲು ಬಂದಿದ್ದ ಒಬ್ಬ ಹೃದ್ರೋಗ ತಜ್ಞರು ಗ್ಯಾಲರಿಯಿಂದ ಇಳಿದು ಓಡಿ ಬಂದರು, ಆಂಬುಲೆನ್ಸ್‌ನಲ್ಲೂ ಎದೆ ಒತ್ತುವುದನ್ನು ನಿಲ್ಲಿಸಲಿಲ್ಲ. 78 ನಿಮಿಷ ಅವನ ಹೃದಯ ತಾನಾಗಿ ಬಡಿಯಲಿಲ್ಲ. ಆದರೂ ಬದುಕಿದ. ಮತ್ತೆ ಫುಟ್‌ಬಾಲ್ ಆಡಲಿಲ್ಲ, ಆದರೆ ಮನೆಗೆ ಹೋದ. ಒಂದೇ ವಾರದಲ್ಲಿ ಇಬ್ಬರು ಹುಡುಗರು ಕುಸಿದರು, ಒಬ್ಬನಿಗೆ ಮೈದಾನದಲ್ಲೇ ಶಾಕ್ ಕೊಡುವ ಯಂತ್ರ ಸಿಕ್ಕಿತು, ಇನ್ನೊಬ್ಬನಿಗೆ ಆಟೋ ಸಿಕ್ಕಿತು. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ ಸಚಿವರೇ.

ಹಣ ಇರುವ ದೇಶದಲ್ಲಿ ಎಲ್ಲವೂ ಸರಿಯಾಗಿರುತ್ತದೆ ಅಂತ ನಾನು ಹೇಳುತ್ತಿಲ್ಲ. ಅದೇ ವರ್ಷ ಏಪ್ರಿಲ್ 14ರಂದು ಇಟಲಿಯ ಪೆಸ್ಕಾರಾದಲ್ಲಿ ಪಿಯರ್‌ಮಾರಿಯೊ ಮೊರೊಸಿನಿ ಕುಸಿದು ಸತ್ತ, ಅವನಿಗೂ 25. ಆಂಬುಲೆನ್ಸ್ ಒಳಗೆ ಬರುವ ದಾರಿಗೆ ಪೊಲೀಸ್ ಕಾರು ಅಡ್ಡ ನಿಂತಿತ್ತು. ಇಟಲಿ 1982ರಿಂದಲೇ ಕ್ರೀಡಾಪಟುಗಳಿಗೆ ಹೃದಯ ತಪಾಸಣೆ ಕಡ್ಡಾಯ ಮಾಡಿದ ದೇಶ. ಅದರಿಂದ ಅಲ್ಲಿನ ವೆನೆಟೊ ಪ್ರಾಂತದಲ್ಲಿ ಯುವ ಆಟಗಾರರ ಹಠಾತ್ ಸಾವಿನ ಪ್ರಮಾಣ 89% ಇಳಿಯಿತು ಅಂತ ವೈದ್ಯರು ಲೆಕ್ಕ ಹಾಕಿದ್ದಾರೆ. ಆದರೂ ಮೊರೊಸಿನಿ ಹೋದ. ಅಂದರೆ ತಪಾಸಣೆಯೂ ಬೇಕು, ಮೈದಾನದಲ್ಲಿ ವ್ಯವಸ್ಥೆಯೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ.

ಹೃದಯ ಹೀಗೆ ನಿಂತಾಗ ಸಮಯವೇ ಎಲ್ಲ. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಹೆಚ್ಚೂಕಡಿಮೆ 7ರಿಂದ 10% ಕಮ್ಮಿಯಾಗುತ್ತದೆ. ಬೆಂಗಳೂರಿನ ಟ್ರಾಫಿಕ್ ನಿಮಗೂ ಗೊತ್ತು. ಫೋನ್ ಮಾಡಿ 108 ಬರುವ ತನಕ ಕಾಯುತ್ತಾ ಕೂತರೆ ಆಗುವುದಿಲ್ಲ, ಮೊದಲ ಕೆಲಸ ಮೈದಾನದಲ್ಲೇ ಶುರುವಾಗಬೇಕು. ಅದಕ್ಕೆ ಬೇಕಿರುವ ಯಂತ್ರದ ಹೆಸರು ಎಇಡಿ. ಸಣ್ಣ ಪೆಟ್ಟಿಗೆ. ಆನ್ ಮಾಡಿದರೆ ಅದೇ ಮಾತಾಡುತ್ತಾ ಹೇಳಿಕೊಡುತ್ತದೆ. ಎರಡು ಪ್ಯಾಡ್ ಇರುತ್ತವೆ, ಒಂದನ್ನು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡ ಕಂಕುಳ ಕೆಳಗೆ ಪಕ್ಕೆಗೆ ಅಂಟಿಸಬೇಕು. ಹೃದಯದ ಲಯ ನೋಡುವುದು, ಶಾಕ್ ಬೇಕೋ ಬೇಡವೋ ತೀರ್ಮಾನ ಮಾಡುವುದು ಯಂತ್ರವೇ. ಅಗತ್ಯ ಇಲ್ಲದವರಿಗೆ ಅದು ಶಾಕ್ ಕೊಡುವುದೇ ಇಲ್ಲ. ಡಾಕ್ಟರೇ ಬೇಕು ಅಂತಿಲ್ಲ, ಲೈನ್ಸ್‌ಮನ್ ಕೂಡ ಮಾಡಬಹುದು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಕುಸಿದಾಗ ಅವನನ್ನು ವಾಪಸ್ ತಂದದ್ದೂ ತಡಮಾಡದೆ ಕೊಟ್ಟ ಒಂದು ಶಾಕ್. ಎಂಟೇ ತಿಂಗಳಲ್ಲಿ ಅವನು ಮತ್ತೆ ಆಡಿದ.

ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. ಹೃದಯ ನಿಂತವರು ಕೆಲವೊಮ್ಮೆ ಏದುಸಿರು ಬಿಟ್ಟಂತೆ ಮಾಡುತ್ತಾರೆ, ಕೈಕಾಲು ಅದುರುತ್ತದೆ, ಕಣ್ಣು ತೆರೆದೇ ಇರುತ್ತದೆ. ನೋಡಿದವರು ಫಿಟ್ಸ್ ಅಂದುಕೊಂಡು ಕೈಗೆ ಬೀಗದ ಕೈ ಹಿಡಿಸುತ್ತಾರೆ, ಮುಖಕ್ಕೆ ನೀರು ಹಾಕುತ್ತಾರೆ, ಸುತ್ತ ಗುಂಪು ಕಟ್ಟುತ್ತಾರೆ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಆ ಎರಡು ಮೂರು ನಿಮಿಷ ಸುಮ್ನೆ ಹಾಳಾಗುತ್ತದೆ. ಯಾರೂ ಮುಟ್ಟದೆ ಆಟಗಾರ ಕುಸಿದು ಬಿದ್ದು, ಕೂಗಿದರೂ ಓಗೊಡದಿದ್ದರೆ ಹೃದಯವೇ ನಿಂತಿದೆ ಅಂತ ತಿಳಿದು ಎದೆ ಒತ್ತಲು ಶುರು ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, ಎದೆ ಐದು ಸೆಂಟಿಮೀಟರ್ ಆದರೂ ತಗ್ಗುವಷ್ಟು ಜೋರಾಗಿ. ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಈಗ ನಿಮ್ಮಿಂದ ಆಗಬೇಕಾದ ಕೆಲಸಕ್ಕೆ ಬರುತ್ತೇನೆ. ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ, ಜನ ಸೇರುವ ಜಾಗಗಳಲ್ಲಿ ಎಇಡಿ ಇಡುವ ಮಾತೂ ಅದರಲ್ಲಿದೆ. ಬಹಳ ಒಳ್ಳೆಯ ಕೆಲಸ. ಆ ಪಟ್ಟಿಗೆ ಆಟದ ಮೈದಾನಗಳನ್ನೂ ಸೇರಿಸಿ. ಕಂಠೀರವ ಒಂದೇ ಅಲ್ಲ. ಅಲ್ಲಿ ದೊಡ್ಡ ಕ್ಲಬ್‌ಗಳ ಐಎಸ್ಎಲ್ ಫುಟ್‌ಬಾಲ್ ಪಂದ್ಯ ನಡೆಯುವ ದಿನ ಎಲ್ಲ ಕ್ಯಾಮೆರಾ ಅಲ್ಲೇ ಇರುತ್ತವೆ, ಎಲ್ಲರೂ ಎಚ್ಚರವಾಗಿರುತ್ತಾರೆ. ನನ್ನ ಚಿಂತೆ ಇರುವುದು ಜಿಲ್ಲಾ ಕ್ರೀಡಾಂಗಣಗಳದ್ದು, ಆಸ್ಟಿನ್ ಟೌನ್‌ನಂಥ ಕಡೆ ಬೆಳಗ್ಗೆ ಆರಕ್ಕೇ ಬೂಟು ಕಟ್ಟುವ ಮಕ್ಕಳದ್ದು, ದಸರಾ ಕ್ರೀಡಾಕೂಟಕ್ಕೆ ತಾಲ್ಲೂಕುಗಳಿಂದ ಬಸ್ಸು ಹತ್ತಿ ಬರುವವರದ್ದು. ವೆಂಕಟೇಶ್ ಕುಸಿದದ್ದು ಅಂಥದೇ ಒಂದು ಚಿಕ್ಕ ಪಂದ್ಯದಲ್ಲಿ.

ಇಲಾಖೆಯ ಯಾವುದೇ ಮೈದಾನವನ್ನು ಪಂದ್ಯಕ್ಕೆ ಕೊಡುವಾಗ ಒಂದು ಷರತ್ತು ಹಾಕಿ: ಎಇಡಿ ಮತ್ತು ಅದನ್ನು ಬಳಸಲು ಕಲಿತ ಇಬ್ಬರಾದರೂ ಇರಬೇಕು, ಆಂಬುಲೆನ್ಸ್ ಒಳಗೆ ಬರುವ ಗೇಟು ತೆರೆದಿರಬೇಕು, ಆ ದಾರಿಯಲ್ಲಿ ಯಾರ ಗಾಡಿಯೂ ನಿಲ್ಲಬಾರದು, ವಿಐಪಿ ಗಾಡಿ ಕೂಡ. ಚಿಕ್ಕ ಕ್ಲಬ್‌ಗಳ ಹತ್ತಿರ ದುಡ್ಡಿರುವುದಿಲ್ಲ, ಆದ್ದರಿಂದ ಯಂತ್ರ ಇಲಾಖೆಯದ್ದೇ ಆಗಿರಲಿ, ಮೈದಾನದಲ್ಲೇ ಇರಲಿ. ಬೀಗ ಹಾಕಿದ ಬೀರುವಿನಲ್ಲಿ ಮಾತ್ರ ಬೇಡ. ಬ್ಯಾಟರಿ, ಪ್ಯಾಡ್‌ಗಳಿಗೆ ಅವಧಿ ಇರುತ್ತದೆ, ಅದನ್ನು ನೋಡಿಕೊಳ್ಳುವ ಹೊಣೆ ಒಬ್ಬರ ಹೆಸರಿಗೆ ಬರೆಯಿರಿ. ಕೊಳ್ಳುವಾಗ ಕನ್ನಡದಲ್ಲಿ ಮಾತಾಡುವ ಯಂತ್ರವನ್ನೇ ಕೇಳಿ, ಗಾಬರಿಯಲ್ಲಿ ನಿಂತ ಪಿಟಿ ಮೇಷ್ಟರಿಗೋ ಮೈದಾನದ ಕಾವಲುಗಾರರಿಗೋ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವ ಸಮಯ ಅದಲ್ಲ. ಇಲಾಖೆಯ ಕ್ರೀಡಾ ವಸತಿ ನಿಲಯಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಇಸಿಜಿ ಮಾಡಿಸಿ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ ಅಲ್ವಾ? 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ತಪಾಸಣೆಗೆ ಜನ ಜಯದೇವದಲ್ಲಿ ಸಾಲುಗಟ್ಟಿದ್ದನ್ನು ನೀವೂ ನೋಡಿದ್ದೀರಿ. ಮಕ್ಕಳ ಸರದಿ ಅಂಥ ಭಯ ಹುಟ್ಟುವ ಮುಂಚೆಯೇ ಬರಲಿ.

ಇನ್ನು ಕ್ರಿಸ್ಟಿಯಾನೊ ಜೂನಿಯರ್ ವಿಷಯ. ಕಂಠೀರವದ ಆಟಗಾರರ ದಾರಿಯ ಪಕ್ಕದ ಗೋಡೆಗೆ ಅವನ ಹೆಸರು, ಆ ತಾರೀಖು ಇರುವ ಒಂದು ಫಲಕ ಹಾಕಿಸಿ, ಅದರ ಕೆಳಗೇ ಎಇಡಿ ಪೆಟ್ಟಿಗೆ ಇಡಿಸಿ. ವೆಂಕಟೇಶ್ ಹೆಸರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲೂ ಹಾಗೇ ಆಗಲಿ, ರಾಜ್ಯ ಫುಟ್‌ಬಾಲ್ ಸಂಸ್ಥೆಯವರ ಜೊತೆ ನೀವು ಒಂದು ಮಾತಾಡಿದರೆ ಆಗುವ ಕೆಲಸ. ಮುಂದಿನ ಡಿಸೆಂಬರ್ 5ರೊಳಗೆ ಇಲಾಖೆಯ ಯಾವ ಯಾವ ಮೈದಾನದಲ್ಲಿ ಎಇಡಿ ಇದೆ, ಯಾವುದರಲ್ಲಿ ಇಲ್ಲ ಅನ್ನುವ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಎಷ್ಟು ಬಾಕಿ ಇದೆ ಅಂತ ಗೊತ್ತಾದರೆ ನಮ್ಮಂಥವರೂ ಕೈಜೋಡಿಸುತ್ತೇವೆ, ದುಡ್ಡು ಕೂಡಿಸುತ್ತೇವೆ, ತರಬೇತಿಗೆ ಜನ ಕರೆತರುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ