ಪುಟದ ತುಂಬ ಒಂದೇ ಎಲೆ ಏಕೆ? ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಮಗಳ ಚಿತ್ರಕಲೆಯ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟು, "ಪುಟದ ತುಂಬ ಒಂದೇ ಎಲೆ ಬರೆಸಿದ್ದೀರಲ್ಲ, ಇದರಿಂದ ಮಗು ಕಲಿತದ್ದೇನು?" ಎಂದು ಕೇಳಿದರು. ಆ ಗಡಿಬಿಡಿಯಲ್ಲಿ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅದೇ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿರಬಹುದು. ಅದಕ್ಕಾಗಿ ಈ ಪತ್ರ.

ಒಂದು ಎಲೆ ಬರೆದರೆ ಅದು ಚಿತ್ರ. ಅದೇ ಎಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ, ಅಂತರ ತಪ್ಪದಂತೆ ಬರೆಯುತ್ತ ಹೋದರೆ ವಿನ್ಯಾಸ. ಎಲೆ ಬರೆಯುವುದು ಸುಲಭ, ಎರಡು ಎಲೆಗಳ ನಡುವಿನ ಖಾಲಿ ಜಾಗವನ್ನು ಕಾಯುವುದು ಕಷ್ಟ. ಆ ಹುಡುಗಿಯ ಪುಟದಲ್ಲಿ ಮೂರನೆಯ ಸಾಲು ಇಕ್ಕಟ್ಟಾಗಿತ್ತು. ನಾಲ್ಕನೆಯ ಸಾಲಿಗೆ ಅವಳೇ ಅಳತೆಪಟ್ಟಿ ಇಟ್ಟು ಗುರುತು ಹಾಕಿಕೊಂಡಿದ್ದಳು. ಅಳಿಸಿದ ಚುಕ್ಕೆಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಹಾಗೆ ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ನಿಮ್ಮ ಅಂಗಳದಲ್ಲೂ ನಡೆಯುವುದು ಇದೇ. ರಂಗೋಲಿಗೆ ಏಳರಿಂದ ನಾಲ್ಕರ ಸಂದು ಚುಕ್ಕಿ (ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ) ಇಡುವವರು ನಡುವೆ 7, ಅದರ ಮೇಲೂ ಕೆಳಗೂ 6, 5, 4 ಎಂದು ಇಡುತ್ತಾರೆ. ಒಟ್ಟು 37 ಚುಕ್ಕಿ. ಒಂದು ಸಾಲು ಸರಿದರೂ ಕೊನೆಯ ಎಸಳು ಕೂಡುವುದಿಲ್ಲ. ಎಲ್ಲಿ ತಪ್ಪಿತೆಂದು ಮಗು ಹಿಂದಕ್ಕೆ ಎಣಿಸಿಕೊಂಡು ಹೋಗುತ್ತದೆ.

ಕಳೆದ ತಿಂಗಳು ಐದನೆಯ ತರಗತಿಗೆ ಒಬ್ಬ ವಿದ್ಯಾರ್ಥಿಯ ಅಜ್ಜಿ ಬಂದು ಇಳಕಲ್ ಸೀರೆಯ ತುಂಡಿನ ಮೇಲೆ ಕಸೂತಿಯ ಗೋಪುರ ಹಾಕಿ ತೋರಿಸಿದರು. ಬಟ್ಟೆಯ ಮೇಲೆ ಗೆರೆಯಿಲ್ಲ, ಅಚ್ಚಿಲ್ಲ, ದಾರಕ್ಕೆ ಗಂಟೂ ಇಲ್ಲ. ಎಳೆ ಎಣಿಸಿ ಸೂಜಿ ಚುಚ್ಚುವುದಷ್ಟೇ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾರೆ, ಬಿಟ್ಟದ್ದನ್ನು ಬರುವಾಗ ತುಂಬುತ್ತಾರೆ. ಹೊರಟಲ್ಲಿಗೇ ದಾರ ಮರಳಬೇಕಾದ್ದರಿಂದ ಇಡೀ ದಾರಿ ಮೊದಲೇ ತಲೆಯಲ್ಲಿರಬೇಕು. ಒಬ್ಬ ಹುಡುಗ ಬಟ್ಟೆಯನ್ನು ನಾಲ್ಕು ಸಲ ತಿರುವಿ ಹಾಕಿ, "ಅಜ್ಜಿ, ಇದರ ಹಿಂಬದಿ ಯಾವುದು?" ಎಂದು ಕೇಳಿದ. ಎರಡು ಬದಿಯೂ ಒಂದೇ ರೀತಿ ಇತ್ತು. ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳನ್ನೂ ಅವರು ತೋರಿಸಿದರು, ಆದರೆ ಮಕ್ಕಳು ಗವಂತಿಯನ್ನು ಬಿಟ್ಟು ಕದಲಲಿಲ್ಲ. ಇಷ್ಟು ಮೌನವಾಗಿದ್ದ ತರಗತಿಯನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಏಳನೆಯ ತರಗತಿಯವರನ್ನು ಮುಂದಿನ ತಿಂಗಳು ಡಂಬಳದ ದೊಡ್ಡಬಸಪ್ಪ ಗುಡಿಗೆ ಕರೆದುಕೊಂಡು ಹೋಗುತ್ತೇವೆ. ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರ. ಅದನ್ನು ನೋಡುವ ಮೊದಲು ಮಕ್ಕಳು ಒಂದೇ ಅಳತೆಯ ಆರು ಚೌಕಗಳನ್ನು ಕಾಗದದಲ್ಲಿ ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ, ಒಂದೊಂದನ್ನೂ ಅದರ ಕೆಳಗಿನದಕ್ಕಿಂತ 15 ಡಿಗ್ರಿ ಹೆಚ್ಚು ತಿರುಗಿಸುತ್ತಾರೆ. ಅದೇ ನಕ್ಷತ್ರ ಅವರ ಮೇಜಿನ ಮೇಲೆ ಮೂಡುತ್ತದೆ. ಆಮೇಲೆ ಗೋಡೆಯ ಸುತ್ತ ನಡೆಯುವಾಗ ಅವರ ಕಣ್ಣು ಬೇರೆಯೇ ಆಗಿರುತ್ತದೆಂಬ ನಂಬಿಕೆ ನನಗಿದೆ.

ನಿಮ್ಮಿಂದ ಬೇಕಾದದ್ದು ಸ್ವಲ್ಪವೇ. ರಂಗೋಲಿಯ ಅಚ್ಚು, ಅಂಟಿಸುವ ಸ್ಟಿಕ್ಕರ್ ಕೊಡಿಸಬೇಡಿ. ಅವುಗಳಲ್ಲಿ ಎಣಿಸುವ ಕೆಲಸವೇ ಇರುವುದಿಲ್ಲ. ಮಗು ಹಾಕಿದ ರಂಗೋಲಿ ಸೊಟ್ಟಗಿದ್ದರೆ ನೀವು ತಿದ್ದಬೇಡಿ. ಎಲ್ಲಿ ತಪ್ಪಿತೆಂದು ಅದೇ ಹುಡುಕಲಿ, ಶಾಲೆಗೆ ಹತ್ತು ನಿಮಿಷ ತಡವಾದರೂ ನಾನು ಕೇಳುವುದಿಲ್ಲ. ಇದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಮಕ್ಕಳನ್ನು ದಯವಿಟ್ಟು ತಡೆಯಬೇಡಿ. ಇಳಕಲ್ ಸೀರೆಯ ತೋಪು ತೆನೆ ವಿನ್ಯಾಸದ ಸೆರಗನ್ನು ನೇಯುವ ಮಗ್ಗಗಳಲ್ಲಿ ಗಂಡಸರೂ ಕೂರುತ್ತಾರೆ.

ಬರುವ ಶನಿವಾರ ಮಕ್ಕಳ ಕೈಯಲ್ಲಿ ಹಳೆಯ ಸೀರೆಯ ಅಂಚು, ಕೌದಿ, ಚಾಪೆಯ ತುಂಡು, ಏನಿದ್ದರೂ ಕಳುಹಿಸಿ. ಹೊಸದನ್ನು ಕೊಳ್ಳಬೇಡಿ. ಬಟ್ಟೆಗೆ ಹೆಸರಿನ ಚೀಟಿ ಪಿನ್ ಮಾಡಿರಲಿ, ಸಂಜೆಗೆ ಹಿಂದಿರುಗಿಸುತ್ತೇವೆ. ಕಸೂತಿ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಹತ್ತು ಗಂಟೆಗೆ ಅವರನ್ನೂ ಕರೆತನ್ನಿ. ಸೂಜಿ, ದಾರ ಶಾಲೆಯದು. ಕನ್ನಡಕವನ್ನು ಮಾತ್ರ ಅವರು ಮರೆಯದೆ ತರಲಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ