ಹಳೆ ಪವನುಗಳ ಬೆಲೆ: ಮುಂದಿನ ತಿಂಗಳಿಂದ ಹೊಸ ಪದ್ಧತಿ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ಅಪರೂಪದ ಇಸವಿಯ ಚಿನ್ನದ ನಾಣ್ಯಗಳಿಗೆ ನಿಂತ ಕಾಲಲ್ಲೇ ಬೆಲೆ ಹೇಳುವುದಿಲ್ಲ. ವಾಟ್ಸಾಪ್ ಫೋಟೋ ನೋಡಿಯೂ ಹೇಳುವುದಿಲ್ಲ. ನಾಣ್ಯ 10 ದಿನ ನಮ್ಮಲ್ಲಿ ಇರಬೇಕು, ರಸೀದಿ ಕೊಡುತ್ತೇವೆ. ಪರೀಕ್ಷೆಗೆ 750 ರೂಪಾಯಿ. ನಾವೇ ಕೊಂಡರೆ ಅದೂ ವಾಪಸ್.

ಯಾಕೆ ಅಂತ ಕೆಲವರಿಗೆ ಗೊತ್ತಿದೆ. ಈ ಮಳೆಗಾಲದಲ್ಲಿ 1841ರದ್ದು ಅಂತ ಒಂದು ಪವನು (ಬ್ರಿಟನ್ನಿನ ಹಳೆ ಚಿನ್ನದ ನಾಣ್ಯ, ಸಾವರಿನ್) ಮಾರಿದೆವು. ಅದು ಮಾಮೂಲಿ ಇಸವಿಯದು, ಕೊನೆಯ ಅಂಕಿ ತಿದ್ದಿದ್ದರು. ಕೊಂಡವರೇ ಭೂತಗನ್ನಡಿ ಹಿಡಿದು ಪತ್ತೆ ಮಾಡಿದರು. ದುಡ್ಡು ಅವತ್ತೇ ಕೊಟ್ಟೆವು. ಆದರೂ ತಪ್ಪು ನಮ್ಮದೇ, ಕ್ಷಮಿಸಿ.

ಇನ್ನು ಒಂದು ಮಾತು ದಿನಾ ಕೇಳುತ್ತೇವೆ: ‘ಅಕ್ಕಸಾಲಿಗರು ಒರೆಗೆ ಹಚ್ಚಿ ಅಪ್ಪಟ ಅಂದರು, ನೀವು ಮಾತ್ರ ನಕಲಿ ಅಂತೀರಲ್ಲ?’ ಅಕ್ಕಸಾಲಿಗರು ಹೇಳಿದ್ದು ಸರಿಯೇ. ಒರೆಗಲ್ಲು ಚಿನ್ನವನ್ನು ನೋಡುತ್ತದೆ, ಇಸವಿಯನ್ನಲ್ಲ. ಕಳೆದ ಶತಮಾನದಲ್ಲಿ ಲೆಬನಾನ್ ಕಡೆ ಮಾಡಿದ ನಕಲಿ ಪವನುಗಳಲ್ಲೂ ಒಳ್ಳೇ ಚಿನ್ನವೇ ಇರುತ್ತಿತ್ತು. 22 ಕ್ಯಾರೆಟ್, 7.98 ಗ್ರಾಂ ಅಂತ ತಕ್ಕಡಿಯಲ್ಲಿ ಪಾಸಾದರೆ ಮುಗಿಯಲಿಲ್ಲ. ಅಕ್ಷರದ ಅಂಚು, ಸುತ್ತಲಿನ ಗೀರು, ನಾಣ್ಯದ ಮೇಲಿನ ರಾಣಿಯ ಕೂದಲಿನ ಎಳೆ ಎಲ್ಲ ನೋಡಬೇಕು. 1872ರಲ್ಲಿ ಲಂಡನ್ನಿನಲ್ಲಿ ಒಂದು ಕೋಟಿಗೂ ಜಾಸ್ತಿ ಪವನು ಹೊಡೆದರು. 1841ರಲ್ಲಿ ಬರೀ 1,24,054. 1819ರಲ್ಲಂತೂ 3,574! ಚಿನ್ನ ಮೂರರಲ್ಲೂ ಒಂದೇ. ಬೆಲೆ ಏರುವುದು ಆ ನಾಲ್ಕು ಅಂಕಿಯ ಮೇಲೆ, ಹಾಗಾಗಿ ಮೋಸವೂ ಅಲ್ಲೇ ಆಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಮೊಹರು ಅನ್ನುವ ಚಿನ್ನದ ನಾಣ್ಯಗಳದ್ದೂ ಇದೇ ಕಥೆ. ಹಳೆ ಇಸವಿಯಲ್ಲೇ ಟಂಕಸಾಲೆಯವರು ಆಮೇಲೆ ಮತ್ತೆ ಹೊಡೆದದ್ದಿದೆ. ಅದೂ ಚಿನ್ನವೇ, ಆದರೆ ಮೊದಲಿನದರ ಬೆಲೆ ಬರುವುದಿಲ್ಲ.

750 ಜಾಸ್ತಿ ಅನ್ನುವವರಿಗೆ: ಪರೀಕ್ಷೆ ಆಗುವುದು ಬೆಂಗಳೂರಿನಲ್ಲಿ. ಕೊರಿಯರ್‌ನಲ್ಲಿ ನಾವು ಚಿನ್ನ ಕಳಿಸುವುದಿಲ್ಲ. ನಮ್ಮ ಹುಡುಗ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಂಗಳೂರು ಬಸ್ಸು ಹತ್ತುತ್ತಾನೆ. ಹೋಗಿ ಬರುವ ಖರ್ಚು, ವಿಮೆ, ಅಲ್ಲಿ ನೋಡುವವರ ಫೀಸು ಎಲ್ಲ ಅದರಲ್ಲೇ. ಅಮೆರಿಕಕ್ಕೆ ಕಳಿಸಿ, ಅಲ್ಲಿ ಅಸಲಿಯೋ ಅಂತ ಪರೀಕ್ಷೆ ಮಾಡಿಸಿ ಡಬ್ಬಿಯಲ್ಲಿ ಸೀಲ್ ಮಾಡಿಸಿ ಅನ್ನುತ್ತಾರೆ ಕೆಲವರು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಅಜ್ಜಿಯ ಕಾಸಿನ ಸರ ತರುವವರು ಬೇಜಾರು ಮಾಡಿಕೊಳ್ಳಬೇಡಿ. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಪೂರ್ತಿ ಬೆಲೆ ಕೊಡುವುದಿಲ್ಲ. ಅದು ನಾವು ಕಟ್ಟಿದ ಕಥೆಯಲ್ಲ. ಹಾಗಂತ ಕೊಂಡಿ ಕೀಳಿಸಿ ತರಬೇಡಿ, ಇನ್ನೂ ಹಾಳಾಗುತ್ತದೆ. ಅಂಟುವಾಳ, ಹುಣಸೆಹುಳಿ ಹಾಕಿ ತಿಕ್ಕಲೂ ಬೇಡಿ. ಹೇಗಿದೆಯೋ ಹಾಗೇ ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ.

ಈಗಾಗಲೇ ನಮ್ಮಲ್ಲಿ ಕೊಂಡವರಿಗೆ ಇಸವಿಯ ಬಗ್ಗೆ ಅನುಮಾನ ಇದ್ದರೆ, ಬಿಲ್ಲು ಇಲ್ಲದಿದ್ದರೂ ಬನ್ನಿ. ಪುಕ್ಕಟೆ ನೋಡಿಕೊಡುತ್ತೇವೆ. ಮಂಗಳವಾರ ಬಾಗಿಲು ಹಾಕಿರುತ್ತದೆ.

ನಿಮ್ಮ ಅಂಗಡಿಯವರು,
ಚಿಕ್ಕಮಗಳೂರು