ಕಾಳು ಎಂದು ಓದಿಕೊಂಡೆ

ರೆಡಿಂಗ್, ಇಂಗ್ಲೆಂಡ್
ಫೆಬ್ರವರಿ 8, ರವಿವಾರ

ತೀರ್ಥರೂಪ ಅಪ್ಪಾಜಿಯವರಿಗೂ ಅವ್ವನಿಗೂ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮ ಸಮಾಚಾರ ತಿಳಿಸುತ್ತಿರಬೇಕು.

ಅಪ್ಪಾ, ಪೋಸ್ಟಮನ್ ಬಾಗಿಲಲ್ಲಿ ನಿಂತು ಕಾಗದ ಅಂದಾಗ ಗಾಬರಿ ಬಿದ್ದಿರಬೇಕು. ದಿನ ಬಿಟ್ಟು ದಿನ ಫೋನಿನಲ್ಲಿ ಮುಖ ತೋರಿಸುವ ಮಗಳು ಕಾಗದ ಬರೆದಿದ್ದಾಳೆಂದರೆ ಏನಾಗಿದೆಯೋ ಅಂತ. ನನಗೇನೂ ಆಗಿಲ್ಲ. ರಾತ್ರಿ ಪಾಳಿ ಮುಗಿದು ಎರಡು ದಿನ ರಜೆ ಇದೆ, ಹೊರಗೆ ಜಿಟಿಜಿಟಿ ಮಳೆ, ಕೂತು ಬರೆಯುತ್ತಿದ್ದೇನೆ. ಇದನ್ನು ಅವ್ವನಿಗೆ ನೀವೇ ಓದಿ ಹೇಳಬೇಕು. ತಮ್ಮನ ಕೈಗೆ ಕೊಟ್ಟರೆ ತಾನು ಓದಿಕೊಂಡು “ಅಕ್ಕ ಆರಾಮ ಅದಾಳಂತ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ.

ಅವ್ವನ ಕಾಲಿನ ವಿಷಯ ಮನಸ್ಸು ಬಿಟ್ಟು ಹೋಗುತ್ತಿಲ್ಲ. “ಆಗಿದ್ದಾತು, ಕಡಿಮಿ ಆಗೇತಿ, ಬಿಡು” ಅಂದಿರಿ. ಬಿಡಲು ಆಗುತ್ತಿಲ್ಲ ಅಪ್ಪಾ. ಹೋದ ತಿಂಗಳ ಕೊನೆಯ ಮಂಗಳವಾರ ಬೆಳಿಗ್ಗೆ ಆರಕ್ಕೆ, ಪಾಳಿ ಇನ್ನೂ ಮುಗಿದಿರಲಿಲ್ಲ, ತಮ್ಮನಿಗೆ “ಅವ್ವ ಏನು ಮಾಡಾಕತ್ಯಾಳ?” ಎಂದು ಮೆಸೇಜ್ ಹಾಕಿದೆ. ನಿಮಗಾಗ ಹನ್ನೊಂದೂವರೆ. ಅವನ ಉತ್ತರ ಕೂಡಲೇ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾನು ಅದನ್ನು “ಅವ್ವ ಕಾಳು ಹಿಡಕೊಂಡು ಕುಂತಾಳ” ಎಂದು ಓದಿಕೊಂಡೆ. ತೊಗರಿ ರಾಶಿ ಮುಗಿದು ಮನೆಗೆ ಬಂದ ಹೊತ್ತು. ಪಡಸಾಲೆಯಲ್ಲಿ ಮೊರ ಹಿಡಿದು ಕೂತ ಅವ್ವ ಕಣ್ಣ ಮುಂದೆ ಬಂದಳು, ತೊಗರಿಯ ವಾಸನೆಯೂ ಬಂದ ಹಾಗಾಯಿತು, ಖುಷಿಯಾಗಿ ಒಂದು ಹೆಬ್ಬೆರಳು ಒತ್ತಿ ಫೋನು ಜೇಬಿಗಿಟ್ಟೆ. ಅವನು ಬರೆದದ್ದು ಕಾಲು. ಬಚ್ಚಲಲ್ಲಿ ಜಾರಿ ಬಿದ್ದು, ಬಾತ ಕಾಲು ಹಿಡಿದುಕೊಂಡು ಕೂತಿದ್ದಳು ಅವ್ವ. ಇಂಗ್ಲಿಷಿನಲ್ಲಿ ಲ-ಳ ಎರಡಕ್ಕೂ ಒಂದೇ ಅಕ್ಷರ, ಹ್ರಸ್ವ ದೀರ್ಘ ಯಾವುದಕ್ಕೂ ಗುರುತಿಲ್ಲ. ಅವನು ಸುದ್ದಿ ಮುಟ್ಟಿಸಿದೆ ಅಂದುಕೊಂಡ, ನಾನು ಮುಟ್ಟಿತು ಅಂದುಕೊಂಡೆ. ಅಕ್ಕ ಹೆಬ್ಬೆರಳು ಹಾಕಿ ಸುಮ್ಮನಾದಳಲ್ಲ ಎಂದು ಅವನಿಗೆ ಎಷ್ಟು ಬೇಜಾರಾಗಿರಬೇಕು ನೋಡಿ.

ಇನ್ನೊಂದು ಮಾತು ಅವ್ವನಿಗೆ ಇನ್ನೂ ಹೇಳಿಲ್ಲ. ಅವತ್ತೇ ಅವಳ ದನಿಯ ಮೆಸೇಜೂ ಬಂದಿತ್ತು, ನಾಲ್ಕು ನಿಮಿಷದ್ದು. ಬಸ್ಸಿನಲ್ಲಿ ನಿದ್ದೆಗಣ್ಣಿನಲ್ಲಿ ಕೇಳಿದೆ. 2021ರಿಂದ ವಾಟ್ಸಾಪಿನಲ್ಲಿ ದನಿಯನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಎಲ್ಲರದ್ದನ್ನೂ ಹಾಗೇ ಕೇಳುವುದು ರೂಢಿಯಾಗಿದೆ. ಅವ್ವನದ್ದನ್ನೂ ಎರಡು ಪಟ್ಟಿಗೆ ಹಾಕಿ ಕೇಳಿದೆ. ಕಿನ್ನಾಳದ ಚಿಗವ್ವ ಬಂದು ಹೋದದ್ದು, ಎಮ್ಮೆ ಹಾಲು ಕಡಿಮೆ ಮಾಡಿದ್ದು, ಗವಿಸಿದ್ಧಜ್ಜನ ಜಾತ್ರೆಗೆ ಗವಿಮಠಕ್ಕೆ ಓಣಿಯವರೆಲ್ಲ ಕೂಡಿ ಎಷ್ಟು ರೊಟ್ಟಿ ಕೊಟ್ಟರು ಅನ್ನುವ ಲೆಕ್ಕ, ಎಲ್ಲ ಕೇಳಿಸಿತು. ಶನಿವಾರ ಮನೆಯಲ್ಲಿ ಅನ್ನಕ್ಕಿಟ್ಟು, ಸುಮ್ಮನೆ ಅವಳ ದನಿ ಬೇಕೆನ್ನಿಸಿ ಅದನ್ನೇ ಮತ್ತೆ ಹಾಕಿದೆ, ಈ ಸಲ ಅವಳ ನಡಿಗೆಯಲ್ಲೇ. ಕೊನೆಗೆ “ಮತ್ತೇನಿಲ್ಲವ್ವಾ...” ಅಂದು ಸುಮ್ಮನಾಗುತ್ತಾಳೆ. ಬಹಳ ಹೊತ್ತು ಸುಮ್ಮನೆ. ಹೊರಗೆ ಯಾರೋ ಗಾಡಿ ಚಾಲೂ ಮಾಡುವ ಸದ್ದು. ಆಮೇಲೆ ಮಣೆ ಸರಿದ ಸದ್ದು, ಹಲ್ಲು ಕಚ್ಚಿಕೊಂಡು “ಯವ್ವಾ...” ಅಂದ ಹಾಗೆ ಒಂದು ನರಳು. ದಿನಕ್ಕೆ ಹತ್ತು ಮಂದಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವವಳು ನಾನು. ಅಂಥ ನರಳು ಕಿವಿಗೆ ಬಿದ್ದರೆ ಎಲ್ಲಿ ನೋವು ಎಂದು ಕೇಳುವುದೇ ನನ್ನ ಕೆಲಸ. ನನ್ನ ಅವ್ವನ ನರಳು ನಾಲ್ಕು ದಿನ ನನ್ನ ಜೇಬಿನಲ್ಲೇ ಇತ್ತು.

ಮೂಳೆಗೆ ಏನೂ ಆಗಿಲ್ಲ, ಉಳುಕಷ್ಟೇ ಎಂದು ಎಕ್ಸ್‌ರೇ ಹೇಳಿದ ಮೇಲೆ ಉಸಿರು ಬಂತು. ಆದರೆ ಅಂದಿನಿಂದ ನಾವು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಿದ್ದೇವೆ ಅನ್ನುವುದೇ ತಲೆಯಲ್ಲಿ ಸುತ್ತುತ್ತಿದೆ.

ಇಲ್ಲಿಂದ ರೈಲಿನಲ್ಲಿ ಅರ್ಧ ತಾಸಿನೊಳಗೆ ನ್ಯೂಬರಿ ಎಂಬ ಊರು. ಜಗತ್ತಿನ ಮೊಟ್ಟಮೊದಲ ಎಸ್ಸೆಮ್ಮೆಸ್ ಬಂದು ಮುಟ್ಟಿದ್ದು ಅಲ್ಲಿಗೆ. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಎಂಬ 22 ವರ್ಷದ ಎಂಜಿನಿಯರ್ ಕಂಪ್ಯೂಟರಿನಿಂದ “ಮೆರಿ ಕ್ರಿಸ್‌ಮಸ್” ಎಂದು ಕಳಿಸಿದ. ಅಲ್ಲಿ ಪಾರ್ಟಿಯಲ್ಲಿದ್ದವರ ಫೋನಿಗೆ ಅದು ಬಂತು. ತಿರುಗಿ ಬರೆಯಲು ಆ ಫೋನಿನಲ್ಲಿ ಅನುಕೂಲವೇ ಇರಲಿಲ್ಲ. ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಎಂದು ಲೆಕ್ಕ ಹಾಕಿಟ್ಟರು, ಇಂಗ್ಲಿಷಿನಲ್ಲಿ. ಅದೇ ಕನ್ನಡದಲ್ಲಿ ಬರೆದರೆ 70ಕ್ಕೇ ಮುಗಿಯುತ್ತದೆ, ನಮ್ಮ ಲಿಪಿಯ ಒಂದೊಂದು ಗುರುತೂ ಹೆಚ್ಚು ಜಾಗ ಹಿಡಿಯುತ್ತದೆ. ಮೇಲೆ ನಾನು ಬರೆದಿದ್ದೇನಲ್ಲ, ಕ್ಷೇಮ, ಅದು ಕಣ್ಣಿಗೆ ಎರಡೇ ಅಕ್ಷರ. ಫೋನಿನ ಲೆಕ್ಕದಲ್ಲಿ ಐದು: ಕ, ಅದನ್ನು ಅರ್ಧ ಮಾಡುವ ಗುರುತು, ಷ, ಏತ್ವದ ಗುರುತು, ಮ. ತಮ್ಮ ಕಾಲೇಜಿಗೆ ಹೋಗುವಾಗ ಒಂದೊಂದು ಎಸ್ಸೆಮ್ಮೆಸ್ಸಿಗೂ ದುಡ್ಡು ಬೀಳುತ್ತಿತ್ತು, ಎಷ್ಟೋ ಫೋನುಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಆಗ ಅವನಂಥವರೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಕೈ ರೂಢಿ ಮಾಡಿಕೊಂಡರು. ಅದನ್ನು ತಪ್ಪು ಅನ್ನುವುದಿಲ್ಲ. ಈಗ ಆ 70ರ ಕಟ್ಟೂ ಇಲ್ಲ, ದುಡ್ಡಿನ ಲೆಕ್ಕವೂ ಇಲ್ಲ, ಫೋನಿನಲ್ಲೇ ಕನ್ನಡದ ಕೀಲಿಮಣೆ ಇದೆ. ಕೈ ಮಾತ್ರ ಹಳೆಯ ರೂಢಿ ಬಿಟ್ಟಿಲ್ಲ. ತಮ್ಮಾ, ಅಪ್ಪ ಇಷ್ಟು ಓದುವಾಗ ನೀನು ಅಲ್ಲೇ ಇದ್ದರೆ ಕೇಳಿಸಿಕೋ: ಮನೆಯ ಸುದ್ದಿಯನ್ನಾದರೂ ನನಗೆ ಕನ್ನಡ ಅಕ್ಷರದಲ್ಲಿ ಬರೆ. ಳ ಅನ್ನುವ ಒಂದಕ್ಷರ ಹುಡುಕಲು ಎಷ್ಟು ಹೊತ್ತು ಹಿಡಿದರೂ ಸರಿ.

ಅವನ “ಹ್ಮ್” ಬಗ್ಗೆಯೂ ಹೇಳಬೇಕು. ಅವ್ವ “ಹೂಂ” ಅನ್ನುವುದನ್ನು ನೆನಪು ಮಾಡಿಕೊಳ್ಳಿ ಅಪ್ಪಾ. ಕತೆ ಕೇಳುವಾಗ ಒಂದು ಹೂಂ, ಮುಂದೆ ಹೇಳು ಅಂತ. ನೀವು ಕೆಲಸ ಹೇಳಿದಾಗ ಒಂದು, ಮಾಡ್ತೀನಿ ಆದರೆ ಈಗಲ್ಲ ಅಂತ. ಚಿಗವ್ವ ಮೈದುನನ ಹೆಂಡತಿಯನ್ನು ಹೊಗಳಿದರೆ ಮೂಗಿನಲ್ಲೇ ಎಳೆಯುವ ಹೂಂ ಬೇರೆ. ಯಾರಾದರೂ ತೀರಿಕೊಂಡ ಸುದ್ದಿಗೆ, ಎದೆಯಿಂದ ಇಳಿದು ಬರುವ ಹೂಂ. ಒಳಮನೆಯಲ್ಲಿ ಕೂತೇ ಅವಳ ಹೂಂ ಕೇಳಿ ಹೊರಗೆ ಏನು ನಡೆದಿದೆ ಅಂತ ನಾವು ಹೇಳುತ್ತಿದ್ದೆವು. ಫೋನಿನಲ್ಲಿ ಬರೆದ ಹ್ಮ್‌ಗೆ ಇದು ಯಾವುದೂ ಇಲ್ಲ. ಓದುವವರ ಮನಸ್ಸು ಹೇಗಿದೆಯೋ ಅದು ಹಾಗೆ ಕೇಳಿಸುತ್ತದೆ, ಪಾಳಿ ಮುಗಿದು ದಣಿದವರಿಗೆ ಸಿಟ್ಟಾಗಿಯೇ ಕೇಳಿಸುತ್ತದೆ.

ಇಲ್ಲೂ ಹಾಗೇ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಪಾಳಿ ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದ್ದಳು. ನಾನು ಓಕೆ ಎಂದು ಬರೆದು, ಶಾಲೆಯಲ್ಲಿ ಕಲಿಸಿದ ಹಾಗೆ ಮುಂದೆ ಪೂರ್ಣವಿರಾಮ ಇಟ್ಟೆ. ಮರುದಿನ ಬಂದು “ನನ್ನ ಮೇಲೆ ಸಿಟ್ಟೇ?” ಅಂದಳು. ಅವಳ ವಯಸ್ಸಿನವರಿಗೆ ಮೆಸೇಜಿನ ಕೊನೆಯ ಚುಕ್ಕೆ ಅಂದರೆ ಬಾಗಿಲು ಹಾಕಿಕೊಂಡ ಹಾಗಂತೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಚುಕ್ಕೆ ಇಟ್ಟ ಒಂದು ಪದದ ಉತ್ತರ ಓದುವವರಿಗೆ ಮನಸ್ಸಿಲ್ಲದೆ ಕೊಟ್ಟ ಉತ್ತರದಂತೆ ಕಂಡಿತು, ಅದನ್ನೇ ಕೈಯಲ್ಲಿ ಬರೆದ ಚೀಟಿಯಲ್ಲಿ ತೋರಿಸಿದಾಗ ಹಾಗೆ ಕಾಣಲಿಲ್ಲ. ಮುಖ ಕಾಣದ ಕಡೆ ಚುಕ್ಕೆಯೇ ಮುಖ ಗಂಟಿಕ್ಕುವ ಕೆಲಸ ಮಾಡುತ್ತದೆ.

ಅಪ್ಪಾ, ಹೊಸದು ಬಂದದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅವ್ವನನ್ನೇ ನೋಡಿ. ಮದುವೆಯಾಗಿ ಕೊಪ್ಪಳಕ್ಕೆ ಬಂದ ಹೊಸತರಲ್ಲಿ ಕುಕನೂರಿಗೆ, ತನ್ನ ಅವ್ವನಿಗೆ ಅವಳು ಕಾಗದ ಬರೆಸುತ್ತಿದ್ದದ್ದು ಎದುರು ಮನೆಯವರ ಕೈಯಲ್ಲಿ. ಅಲ್ಲಿ ಓದಿ ಹೇಳುತ್ತಿದ್ದವರು ಪೋಸ್ಟಿನವರು. ಅತ್ತೆಯ ಮನೆಯಲ್ಲಿ ಏನು ಕಷ್ಟ, ಹೊಟ್ಟೆಯಲ್ಲಿ ಏನು ಸಂಕಟ, ಎರಡು ಊರಿನ ಎರಡು ಮನೆಯವರ ಕಿವಿ ದಾಟಿ ಹೋಗಬೇಕಾದ ಕಾಗದದಲ್ಲಿ ಹೇಗೆ ಹೇಳಿಸುತ್ತಾಳೆ? ಆ ನೀಲಿ ಇನ್‌ಲ್ಯಾಂಡುಗಳಲ್ಲಿ ನಾನು ಓದಿದ್ದೆಲ್ಲ ಒಂದೇ, “ನಾನು ಸುಖವಾಗಿದ್ದೇನೆ, ಚಿಂತೆ ಮಾಡಬೇಡ.” ವಾಟ್ಸಾಪಿನಲ್ಲಿ ದನಿ ಕಳಿಸುವುದು ಶುರುವಾಗಿದ್ದು 2013ರಲ್ಲಿ. ನಮ್ಮ ಅವ್ವನ ಕೈಗೆ ಅದು ಬಂದದ್ದು ತಡವಾಗಿ. ಆದರೂ ಬಂತು. ಮೈಕಿನ ಗುರುತಿನ ಮೇಲೆ ಬೆರಳಿಟ್ಟು, ಯಾರ ಹಂಗೂ ಇಲ್ಲದೆ, ಹಿತ್ತಲಲ್ಲಿ ಕೂತು ಅವಳು ಮಗಳಿಗೆ ತನ್ನ ಮಾತು ತಾನೇ ಕಳಿಸುತ್ತಾಳೆ. ಅವಳು ಜನ್ಮದಲ್ಲಿ ತಾನಾಗಿ ಬರೆದ ಕಾಗದಗಳು ಅಂದರೆ ಇವೇ. ತನ್ನ ತಂಗಿ ಸತ್ತ ವರ್ಷದ ವಿಷಯ ನನಗೆ ಹೇಳಿದ್ದು ಹೀಗೇ, ಎದುರಿಗೆ ಕೂತು ಎಂದೂ ಹೇಳಿರಲಿಲ್ಲ. ಓದು ಬಾರದ ಅವಳಿಗೆ ಈ ಫೋನು ಇಷ್ಟು ದೊಡ್ಡ ಬಾಯಿ ಕೊಟ್ಟಿದೆ. ಓದು ಬಲ್ಲ ನಾವು ಅದೇ ಫೋನಿನಲ್ಲಿ ಹೆಬ್ಬೆರಳಿಗೆ ಇಳಿದಿದ್ದೇವೆ. “ಉದ್ದುದ್ದ ಕಳಿಸಬ್ಯಾಡವ್ವಾ, ಫೋನ್ ತುಂಬತೈತಿ” ಎಂದು ತಮ್ಮ ಅವಳಿಗೆ ಹೇಳಿದನಂತೆ. ಯಾವುದಾದರೂ ಅಳಿಸುವುದಿದ್ದರೆ ಆ ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸಲಿ.

ಈಗ ನಿಮಗೂ ಒಂದು ಮಾತು, ಸಣ್ಣವಳು ಹೇಳುತ್ತಾಳೆ ಅನ್ನಬೇಡಿ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಮನೆಗೊಂದು ಕಾರ್ಡು ಬಂದಿತ್ತು. ಓದಿದವರು ಇಪ್ಪತ್ತೊಂದು ಮಂದಿಗೆ ಹೀಗೇ ಬರೆದು ಹಾಕಬೇಕು, ಹಾಕದಿದ್ದರೆ ಮನೆಗೆ ಕೇಡು ಎಂದು. ಅಮ್ಮ ಹೆದರಿದ್ದಳು, ಅಜ್ಜಿ ಅಂದರೆ ನಿಮ್ಮವ್ವ. ನೀವು ಎರಡು ಸಲ ಓದಿ ಒಲೆಗೆ ಹಾಕಿ “ಈಗ ಚಹಾ ಕಾಸ್ರಿ” ಅಂದಿರಿ. ಆ ಅಪ್ಪನನ್ನು ನಾನು ಮರೆತಿಲ್ಲ. ಈಗ ನೀವು ಗ್ರೂಪಿಗೆ ಕಳಿಸುವುದರಲ್ಲಿ ಎಷ್ಟೋ ಆ ಕಾರ್ಡಿನ ಜಾತಿಯವೇ. ಆಗ ಇಪ್ಪತ್ತೊಂದು ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು, ಈಗ ಬೆರಳು ಮುಟ್ಟಿದರೆ ಹೋಯಿತು. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಸುದ್ದಿ ಹರಿಸಿ, ಹೈದರಾಬಾದಿನಿಂದ ಬಂದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಎಂದು ಕಟ್ಟು ಹಾಕಿದರು. 2020ರ ಏಪ್ರಿಲಿನಿಂದ, ಐದು ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಅಂಥದರ ಮೇಲೆ ಎರಡು ಬಾಣದ ಗುರುತಿರುತ್ತದೆ. ಅದು ಕಂಡರೆ ಆ ಒಲೆ ನೆನಪು ಮಾಡಿಕೊಳ್ಳಿ, ಅಷ್ಟು ಸಾಕು.

ತಮ್ಮನ ಮದುವೆಗೆ ಎಲ್ಲರಿಗೂ ಫೋನಿನಲ್ಲೇ ಪತ್ರಿಕೆ ಕಳಿಸಿದರೆ ಆಗದೇ ಅಂತ ಕೇಳಿದ್ದಿರಿ. ಗೆಳೆಯರಿಗೆ ಆಗುತ್ತದೆ. ಕುಷ್ಟಗಿ ಅತ್ತೆಗೆ, ಕಿನ್ನಾಳಕ್ಕೆ, ಯಲಬುರ್ಗಿಯ ಹಿರಿಯರಿಗೆ ಆಗುವುದಿಲ್ಲ. ಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚಿ, ಹೋಗಿ ಕುಂಕುಮ ಕೊಟ್ಟು “ಬರಬೇಕ್ರೀ” ಅಂದು ಕರೆಯಬೇಕು. ಆ ಓಡಾಟದ ಪೆಟ್ರೋಲಿನ ಖರ್ಚು ನನ್ನದು.

ಪಾಲ್ಕಿಗುಂಡಿಗೆ ಶಾಲೆಯಿಂದ ಕರೆದುಕೊಂಡು ಹೋಗಿದ್ದು ನೆನಪಾಯಿತು. ಅಶೋಕನ ಶಾಸನ ನಮ್ಮೂರ ಗವಿಮಠದ ಗುಡ್ಡದಲ್ಲೂ ಇದೆ, ಅಲ್ಲೂ ಇದೆ. ಆದರೆ ನನ್ನ ತಲೆಯಲ್ಲಿ ಈಗ ಇರುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಅನ್ನುವ ವಿದ್ವಾಂಸರೂ ಇದ್ದಾರೆ. ಅರಸನ ಆಜ್ಞೆ, ಅದೂ ಉಳಿಯಲ್ಲಿ ಬಂಡೆಗೆ ಕೊರೆಯಬೇಕಾದದ್ದು, ಒಂದೊಂದು ಅಕ್ಷರಕ್ಕೂ ಬೆವರು. ಆದರೂ ಶುರುವಾಗುವುದು ಅವರ ಆರೋಗ್ಯ ಕೇಳಿಯೇ. ಆಮೇಲೆ ಆಜ್ಞೆ. ಕಾಗದದ ಮೊದಲ ಸಾಲು ಬರೆಯುವಾಗ ಈ ಸಲ ಅದೇ ಕಣ್ಣ ಮುಂದಿತ್ತು.

ಅವ್ವಾ, ಈಗ ನಿನಗೆ. ಅಪ್ಪ ಇದನ್ನು ಓದುವಾಗ ಕಾಲು ಚಾಚಿಕೊಂಡು, ಹಿಮ್ಮಡಿಯ ಕೆಳಗೆ ದಿಂಬಿಟ್ಟುಕೊಂಡು ಕೂತಿರು. ನಿನ್ನ ಮಾತನ್ನು ಓಡಿಸಿ ಕೇಳಿದ್ದು ನನ್ನ ತಪ್ಪು, ಇನ್ನು ಹಾಗೆ ಕೇಳುವುದಿಲ್ಲ. ಉದ್ದ ಆಯಿತು ಅಂತ ನಿಲ್ಲಿಸಬೇಡ. ಎಮ್ಮೆಯದೂ ಹೇಳು, ಓಣಿಯದೂ ಹೇಳು. “ಮತ್ತೇನಿಲ್ಲ” ಅಂದ ಮೇಲೂ ಸ್ವಲ್ಪ ಹೊತ್ತು ಬೆರಳು ತೆಗೆಯಬೇಡ, ನಾನು ಕೇಳುತ್ತಿರುತ್ತೇನೆ.

ಇಂತಿ ನಿಮ್ಮ ಮಗಳು

ತಾ.ಕ.: ತಮ್ಮಾ, ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು ಕಳಿಸು. ಬಾವು ಇಳಿದಿದೆಯೋ ಇಲ್ಲವೋ, ಕನ್ನಡದಲ್ಲಿ ಬರೆ.